ಒಂದು ಸೇರು ಜೋಳದಷ್ಟು ಭಾರ

ನಮ್ಮ ಅತ್ತೆಯ ಎಡಗಣ್ಣಿನ ಸುತ್ತ ಇದ್ದಷ್ಟು ಸುಕ್ಕು ಬಲಗಣ್ಣಿನ ಸುತ್ತ ಇರಲಿಲ್ಲ. ಇಪ್ಪತ್ತೆರಡು ವರ್ಷ ಎಡಗಣ್ಣು ಬಿಗಿಯಾಗಿ ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿ ನಿಂತದ್ದರ ಗುರುತು ಅದು. ಆ ಚಾಳಿ ಎಷ್ಟು ಅಂಟಿಕೊಂಡಿತ್ತೆಂದರೆ, ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಸ್ಸಿನ ಬೋರ್ಡು ಓದುವಾಗ, ತೊಗರಿಬೇಳೆ ಆರಿಸುವಾಗ, ಕೊನೆಗೆ ನನ್ನನ್ನು ನೋಡಲು ಬೈಲಹೊಂಗಲದ ಹತ್ತಿರದ ನಮ್ಮೂರಿಗೆ ಬಂದು ಪಡಸಾಲೆಯ ಚಾಪೆಯ ಮೇಲೆ ಕುಳಿತಾಗ ಕೂಡ. ಹೆಣ್ಣು ನೋಡಲು ಬಂದವರು ಹೀಗೆ ಒಂದು ಕಣ್ಣು ಮುಚ್ಚಿ ನೋಡಿದ್ದನ್ನು ಕಂಡು ನಮ್ಮವ್ವ ಗಾಬರಿಯಾಗಿದ್ದಳು. ಅವರು ಹೋದ ಮೇಲೆ, "ಆ ಬಾಯಾರ ಕಣ್ಣಾಗ ಏನರ ಐಬ ಐತೇನ?" ಎಂದು ಅಪ್ಪನನ್ನು ಕೇಳಿದಳು. ಐಬೇನೂ ಇರಲಿಲ್ಲ. ನಾನು ಎಷ್ಟು ನೆಟ್ಟಗೆ ನಿಲ್ಲುತ್ತೇನೆ ಎಂದು ನೋಡುತ್ತಿದ್ದರಂತೆ. ಅದನ್ನು ಅವರೇ ಎಷ್ಟೋ ದಿನದ ಮೇಲೆ ನನಗೆ ಹೇಳಿದರು.

ರಾಮದುರ್ಗದ ಪೇಟೆಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಹಾಕಿದವರು ಮಾವ. ನಾನು ಅವರನ್ನು ಕಂಡಿಲ್ಲ. ನನ್ನ ಗಂಡ ಮೂರನೇ ಇಯತ್ತೆಯಲ್ಲಿದ್ದಾಗ ಅವರು ತೀರಿಹೋದರು. ಹದಿನೈದು ದಿನಕ್ಕೆ ಅತ್ತೆ ಅಂಗಡಿಯ ಬಾಗಿಲು ತೆಗೆದರು. ಮಾವನ ಜೊತೆ ಕತ್ತಲೆ ಕೋಣೆಯಲ್ಲಿ ಫಿಲಂ ತೊಳೆದು ಅವರಿಗೆ ರೂಢಿಯಿತ್ತು, ಕ್ಯಾಮೆರಾ ಹಿಡಿದು ಗೊತ್ತಿರಲಿಲ್ಲ. ಹಿಡಿದರು. ಮೊದಲನೇ ರೋಲಿನಲ್ಲಿ ಎಲ್ಲರ ತಲೆ ಹಾರಿಹೋಗಿದ್ದವು ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರಿಗೆ ಊರಿನಲ್ಲಿ ಬೇರೆ ಹೆಸರೇ ಉಳಿದಿರಲಿಲ್ಲ, ಚಿಕ್ಕವರು ದೊಡ್ಡವರು ಎಲ್ಲರೂ 'ಫೋಟೋದಕ್ಕ' ಎನ್ನುತ್ತಿದ್ದರು.

ಮದುವೆಯ ಕೆಲಸ ಅವರಿಗೆ ಹೆಚ್ಚು ಸಿಗುತ್ತಿರಲಿಲ್ಲ, ಅದು ಗಂಡಸರ ಪಾಲು. ಆದರೆ ಕುಬಸದ ಫೋಟೋ ಎಂದರೆ ಫೋಟೋದಕ್ಕನೇ ಬೇಕು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಕುಬಸ ಕೊಟ್ಟು ಉಡಿ ತುಂಬುವ ಆ ಕಾರ್ಯ ನಡುಮನೆಯಲ್ಲಿ ಹೆಂಗಸರ ನಡುವೆಯೇ ನಡೆಯುತ್ತದೆ. ಏಳು ತಿಂಗಳ ಹುಡುಗಿ ಹೊರಗಿನ ಗಂಡಸಿನ ಎದುರು ನಾಚಿ ಮುದುರಿಕೊಳ್ಳುತ್ತಾಳೆ. ಅತ್ತೆಯ ಎದುರು ಹಾಗಾಗುತ್ತಿರಲಿಲ್ಲ. ಫ್ಲ್ಯಾಶ್ ಅವರಿಗೆ ಆಗಿಬರುತ್ತಿರಲಿಲ್ಲ. "ಮಂದಿ ಕಪಾಳಕ್ಕ ಹೊಡದಂಗ ಆಕ್ಕೈತಿ" ಎನ್ನುತ್ತಿದ್ದರು. ಬೆಳಕಿಂಡಿಯಿಂದ ಬಿದ್ದ ಬೆಳಕಿನಲ್ಲೇ, ಕಂಬಕ್ಕೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ತೆಗೆಯುತ್ತಿದ್ದರು. ಉಸಿರು ಹಿಡಿಯುವುದು ಅವರ ವಿದ್ಯೆಯ ಮುಕ್ಕಾಲು ಪಾಲು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗಂಡ ಸತ್ತವರು ಕುಬಸದ ಮನೆಯಲ್ಲಿ ಮುಂದೆ ಬರುವಂತಿಲ್ಲ. ಆರತಿ ಹಿಡಿಯುವಂತಿಲ್ಲ, ಉಡಿ ತುಂಬುವಂತಿಲ್ಲ, ಬಸುರಿಯ ಎದುರಿಗೆ ನಿಲ್ಲುವಂತಿಲ್ಲ. ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ, ಅವರೇ ತಿಳಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಾರೆ. ಆದರೆ ಅತ್ತೆಯ ಕೈಯಲ್ಲಿ ಕ್ಯಾಮೆರಾ ಇದ್ದಷ್ಟು ಹೊತ್ತು ಆ ನಿಯಮ ಯಾರಿಗೂ ನೆನಪಾಗುತ್ತಿರಲಿಲ್ಲ. ಬಸುರಿಯ ಗದ್ದ ಹಿಡಿದು ಮುಖ ಎತ್ತುತ್ತಿದ್ದರು, ಸೆರಗು ಸರಿಮಾಡುತ್ತಿದ್ದರು, ಮುತ್ತೈದೆಯರನ್ನೇ ಗದರಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಒಮ್ಮೆ ನಾನೇ ಕೇಳಿಬಿಟ್ಟೆ. ಅವರು ನಗುತ್ತ, "ಮುಂದ ಬರಬಾರದು ಅಂತ ಹೇಳ್ಯಾರ. ಹಿಂದ ಇರಬ್ಯಾಡ ಅಂತ ಯಾರ ಹೇಳ್ಯಾರ? ಕ್ಯಾಮೆರಾದ ಹಿಂದ ಇದ್ದಾಕೀನ ಯಾರೂ ನೋಡೂದಿಲ್ಲ" ಎಂದರು.

ಹಿಂದೆ ಇರಬೇಕೆಂಬುದನ್ನು ಅವರು ಮರೆತದ್ದೂ ಇಲ್ಲ. ಸಾಲಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಕುಬಸ ಮುಗಿದ ಮೇಲೆ ಬಸುರಿ ಹುಡುಗಿ, "ಅಕ್ಕಾರ, ನನ್ನ ಬಾಜೂಕ ಬರ್ರಿ, ನಿಮ್ಮ ಸೊಸಿ ತೆಗೀಲಿ" ಎಂದು ಕೈಹಿಡಿದು ಎಳೆದಳು. ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಅತ್ತೆ ಹುಡುಗಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, "ನನ್ನ ಮಾರಿ ಕ್ಯಾಮೆರಾಕ್ಕ ಒಗ್ಗೂದಿಲ್ಲ ಯವ್ವಾ, ಗಾಜ ಒಡೀತೈತಿ" ಎಂದರು. ಎಲ್ಲರೂ ನಕ್ಕರು. ಮುದುಕಿಗೂ ಹಗುರಾಯಿತು. ಟೆಂಪೋದಲ್ಲಿ ಮರಳುವಾಗ ಅತ್ತೆ ರಾಮದುರ್ಗ ಬರುವವರೆಗೂ ಕ್ಯಾಮೆರಾದ ಗಾಜನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

ಶುಭಕ್ಕೆ ಹೇಗೋ ಹಾಗೆಯೇ ಸಾವಿಗೂ ಅವರಿಗೆ ಕರೆ ಬರುತ್ತಿತ್ತು. ನಮ್ಮಲ್ಲಿ ತೀರಿಹೋದವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಮನೆಮಂದಿಯೆಲ್ಲ ಸುತ್ತ ಕುಳಿತು ಕೊನೆಯ ಫೋಟೋ ತೆಗೆಸುತ್ತಾರೆ. ಬೇರೆ ಫೋಟೋದವರು ಅದನ್ನು ಗಡಿಬಿಡಿಯಲ್ಲಿ ಮುಗಿಸಿ ಓಡುತ್ತಾರೆ. ಅತ್ತೆ ಮಾತ್ರ ಜೀವಂತ ಇದ್ದವರಿಗೆ ಹೇಳಿದ ಹಾಗೆ ಮೊದಲು ತೀರಿಹೋದವರ ಕಡೆ ನೋಡಿ "ತೆಗೀತೇನ್ರಿ" ಎಂದು ಅಪ್ಪಣೆ ಕೇಳಿಯೇ ಒತ್ತುತ್ತಿದ್ದರು. ಒಂದು ಸಲ ಅದನ್ನು ಕೇಳಿ ಅಳುತ್ತಿದ್ದ ಮಗನೊಬ್ಬ ತಲೆಯೆತ್ತಿ, ಕಣ್ಣೊರೆಸಿಕೊಂಡು, ಅಪ್ಪನ ಪಕ್ಕದಲ್ಲಿ ನೆಟ್ಟಗೆ ಕುಳಿತ. ಅದಕ್ಕೇ ಅವರು ಹಾಗೆ ಕೇಳುತ್ತಿದ್ದರೇನೋ.

ಇನ್ನು ನನ್ನ ಕತೆ. ನಾನು ಬಂದ ಮೇಲೆ ಕೌಂಟರಿನ ಕೆಲಸ ನನ್ನದಾಯಿತು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದು, ಫೋಟೋಕ್ಕೆ ಚೌಕಟ್ಟು ಹಾಕಿಸುವುದು, ಬಂದವರಿಗೆ ಬಾಚಣಿಗೆ ಕನ್ನಡಿ ಕೊಡುವುದು. ಅದು ನನಗೆ ಹಾಯಾಗಿತ್ತು. ಕ್ಯಾಮೆರಾ ಎಂದರೆ ಮಾತ್ರ ಕೈ ನಡುಗುತ್ತಿತ್ತು. ಒಮ್ಮೆ ಅತ್ತೆಗೆ ಜ್ವರ ಬಂದು ನನ್ನೊಬ್ಬಳನ್ನೇ ಒಂದು ತೊಟ್ಟಿಲು ಕಾರ್ಯಕ್ಕೆ ಕಳಿಸಿದ್ದರು. ಕೂಸಿನ ಮುಖ ಒಂದರಲ್ಲೂ ಸರಿಯಾಗಿ ಮೂಡಲಿಲ್ಲ. ಆ ಮನೆಯವರು ಬೈಯಲಿಲ್ಲ, ಫೋಟೋಗಳನ್ನು ತಿರುತಿರುಗಿಸಿ ನೋಡಿ ಹಾಗೇ ಕೌಂಟರಿನ ಮೇಲೆ ಇಟ್ಟು ಹೋದರು. ಅವತ್ತೇ ಇದು ನನ್ನ ಕೈಲಾಗದ ಕೆಲಸ ಎಂದು ನಿರ್ಧರಿಸಿಬಿಟ್ಟೆ. ಅತ್ತೆ ಇದ್ದಾರಲ್ಲ, ಅವರು ನೋಡಿಕೊಳ್ಳುತ್ತಾರೆ ಎಂದುಕೊಂಡೆ.

ಅದೇ ವರ್ಷ ಯರಗಟ್ಟಿಯ ಸಂತೆಯ ದಿನ ಗದ್ದಲದಲ್ಲಿ ಬಸ್ಸಿನ ಮೆಟ್ಟಿಲಿಂದ ಅತ್ತೆ ಜಾರಿ ಬಿದ್ದರು. ಬಲ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಸೊಟ್ಟಗೆ. ಚಹದ ಕಪ್ಪು ಹಿಡಿದರೆ ಕೆಳಗಿನ ಬಸಿ ಕಿಣಿಕಿಣಿ ಸದ್ದು ಮಾಡುತ್ತಿತ್ತು. ಆಗ ನಮ್ಮಲ್ಲಿದ್ದದ್ದು ಸೋಪಿನ ಡಬ್ಬಿಯಷ್ಟು ಸಣ್ಣ ಡಿಜಿಟಲ್ ಕ್ಯಾಮೆರಾ. ಫಿಲಂ ರೋಲು ಸಿಗದಂತಾದ ಮೇಲೆ ಅದನ್ನೇ ತಂದು ನಡೆಸುತ್ತಿದ್ದೆವು. ನಡುಮನೆಯ ಮಬ್ಬು ಬೆಳಕಿನಲ್ಲಿ ಅದರ ಫೋಟೋ ಎಲ್ಲ ಬೂದಿ ಬಳಿದಂತೆ ಬರುತ್ತಿದ್ದವು. ಗಿರಾಕಿಗಳು ಒಬ್ಬೊಬ್ಬರೇ ತಪ್ಪತೊಡಗಿದರು. ಒಳ್ಳೆಯ ಕ್ಯಾಮೆರಾ ತರಲೇಬೇಕು, ಇಲ್ಲವಾದರೆ ಬಾಗಿಲು ಹಾಕಬೇಕು, ಅಲ್ಲಿಗೆ ಬಂದಿತ್ತು. ನನ್ನ ಗಂಡ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಲಾರಿ ಓಡಿಸುತ್ತಾರೆ, ಹಂಗಾಮು ಶುರುವಾದರೆ ತಿಂಗಳುಗಟ್ಟಲೆ ಮನೆಗಿಲ್ಲ. "ಅವ್ವಾಗ ಎತ್ತಾಕ ಬರೂ ಹಂಗ ಒಂದ ಹಗೂರದ್ದು ನೋಡ್ರಿ" ಎಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡರು.

ಕೈಯ ಕಟ್ಟು ಬಿಚ್ಚಿದ ವಾರದಲ್ಲೇ ಅತ್ತೆ ನನಗೊಂದು ಹೊಸ ಶಿಕ್ಷೆ ಶುರುಮಾಡಿದರು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಹಿತ್ತಾಳೆಯ ಸೇರಿನ ತುಂಬ, ಅಂಚಿನ ಮೇಲೂ ಏರುವಂತೆ ಜೋಳ ತುಂಬಿ ನನ್ನ ಕೈಗೆ ಕೊಡುವುದು. ನಾನು ಅದನ್ನು ಎರಡೂ ಕೈಯಲ್ಲಿ ಮುಖದ ಮಟ್ಟಕ್ಕೆ ಎತ್ತಿ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಹಿಡಿದು ನಿಲ್ಲಬೇಕು. ಒಂದು ಕಾಳು ಉದುರಿದರೂ ಮತ್ತೆ ಮೊದಲಿಂದ. ಮೊದಲನೇ ದಿನ ಕೋಳಿಗಳಿಗೆ ಹಬ್ಬವಾಯಿತು. "ಅಚ್ಚೇರು ಕೊಡ್ರಿ ಅತ್ತಿ, ಅರ್ಧದಿಂದ ಶುರು ಮಾಡತೇನಿ" ಎಂದು ಬೇಡಿಕೊಂಡೆ. "ಅಚ್ಚೇರ ಹಿಡದ್ರ ಅಚ್ಚೇರೇ ಬರ್ತೈತಿ. ಸೇರು ಹಿಡಿ" ಎಂದರು. ತವರಿಗೆ ಫೋನ್ ಮಾಡಿ, ಬೇರೆಯವರ ಅತ್ತೆಯರು ಬಾಯಿಂದ ಕಾಡಿದರೆ ನಮ್ಮತ್ತೆ ಜೋಳದಿಂದ ಕಾಡುತ್ತಾರೆ ಎಂದು ಅವ್ವನ ಹತ್ತಿರ ಅತ್ತುಬಿಟ್ಟೆ. ತಾನು ಕೈಮುರಿದುಕೊಂಡ ಸಿಟ್ಟನ್ನು ನನ್ನ ತೋಳಿನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಎಂದೇ ನಂಬಿದ್ದೆ.

ಎರಡು ತಿಂಗಳಾದ ಮೇಲೆ ಒಂದು ದಿನ ಕಾಳು ಉದುರಲಿಲ್ಲ. ಅತ್ತೆ ಎಡಗಣ್ಣು ಮುಚ್ಚಿ ನೋಡಿ, "ನಾಳೆ ಬೆಳಗಾವಿಗೆ ಹೋಗೂಣು" ಎಂದರು.

ಬೆಳಗಾವಿಯ ಆ ದೊಡ್ಡ ಅಂಗಡಿಯ ಹುಡುಗ ಒಳ್ಳೆಯವನು. ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟು ಪಾಠ ಶುರುಮಾಡಿದ. "ಇದು ಎಂಟ್ರಿ ಲೆವೆಲ್ ರೀ ಬಾಯಾರ. ಹಗೂರ. ಇದರಾಗ ಎಲ್ಲಾ ಅದೇ ಮಾಡ್ಕೋತದ, ನೀವು ಒತ್ತಿದ್ರ ಮುಗೀತು." ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ ಇಟ್ಟ. "ಇದು ಸೆಮಿ ಪ್ರೊಫೆಷನಲ್ ರೀ. ಕಬ್ಬಿಣದ ಮೈ. ಎರಡು ಚಕ್ರ ಅದಾವ, ಬೆಳಕು ಒಂದರಾಗ, ವೇಗ ಒಂದರಾಗ. ಕತ್ತಲಿ ಮನ್ಯಾಗೂ ಚೊಲೊ ಬರ್ತದ. ಆದ್ರ ವಜ್ಜ ಭಾಳ ರೀ, ನಿಮ್ಮ ಕೈಗೆ ತ್ರಾಸ ಆದೀತು." ಅವನ ಕಣ್ಣು ಅತ್ತೆಯ ಸೊಟ್ಟ ಮಣಿಕಟ್ಟಿನ ಮೇಲಿತ್ತು.

ನಾನು ಹಗುರದ್ದರ ಪರವಾಗಿ ಹಿಂದಿನ ರಾತ್ರಿಯೇ ಮಾತು ಜೋಡಿಸಿಕೊಂಡು ಬಂದಿದ್ದೆ. "ಅತ್ತಿ, ನಿಮ್ಮ ಕೈಗೆ ಇದೇ ಸರಿ. ಜೀವಕ್ಕ ಯಾಕ ತ್ರಾಸ ತಗೋತೀರಿ? ಮಂದಿಗೆ ಫೋಟೋ ಬಂದ್ರ ಸಾಕು." ಎಷ್ಟು ಪ್ರೀತಿಯ ಸೊಸೆ ಎಂದು ಆ ಹುಡುಗ ಅಂದುಕೊಂಡಿರಬೇಕು. ನಿಜ ಇವತ್ತು ಬರೆಯುತ್ತೇನೆ. ಹಗುರದ್ದನ್ನು ತಂದರೆ ಅತ್ತೆಯೇ ಎತ್ತುತ್ತಾರೆ, ನಾನು ಕೌಂಟರಿನಲ್ಲೇ ಉಳಿಯಬಹುದು. ಭಾರದ್ದು ಬಂದರೆ ಅದು ನನ್ನ ಕೊರಳಿಗೇ ಬೀಳುತ್ತದೆ. ಅವರ ಕೈಯ ಹೆಸರು ಹೇಳಿ ನಾನು ನನ್ನ ಕೈ ಉಳಿಸಿಕೊಳ್ಳಲು ನೋಡುತ್ತಿದ್ದೆ.

ಅತ್ತೆ ಚೀಲದಿಂದ ಒಂದು ಗಂಟು ತೆಗೆದರು. ಮಾವನ ಹಳೆಯ ಟವೆಲ್ಲಿನಲ್ಲಿ ಸುತ್ತಿದ್ದ ಮಾವನ ಲೆನ್ಸ್, ಫಿಲಂ ಕಾಲದ್ದು. "ಈ ಗಾಜು ಯಾವುದಕ್ಕ ಕೂಡ್ತೈತಿ ನೋಡಪಾ" ಎಂದರು. ಹುಡುಗ ಹಗುರದ್ದಕ್ಕೆ ಹಾಕಿ ನೋಡಿದ. ಕೂತಿತು, ಆದರೆ ಅದು ತಾನಾಗಿ ತಿರುಗಲಿಲ್ಲ, ಕೈಯಿಂದ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಬೇಕು. ಭಾರದ್ದಕ್ಕೆ ಹಾಕಿದ. ಗುರ್ ಎಂದು ಸದ್ದುಮಾಡಿ ಲೆನ್ಸ್ ತಾನೇ ತಿರುಗಿ ನಿಂತಿತು. "ಇದರ ಹೊಟ್ಟ್ಯಾಗ ಮೋಟಾರು ಐತಿ ರೀ" ಎಂದ. ಆ ಸದ್ದು ಕೇಳಿ ಅತ್ತೆಯ ಮುಖದಲ್ಲಿ ಏನೋ ಆಡಿತು.

ಆಮೇಲೆ ಅವರು ಮಾಡಿದ್ದು ನನಗೆ ಅರ್ಥವಾಗಲಿಲ್ಲ. ಬೆಲೆ ಕೇಳಲಿಲ್ಲ, ಕ್ಯಾಮೆರಾ ಮುಟ್ಟಲಿಲ್ಲ. ಮೇಜಿನ ಆಚೆ ಬದಿಗೆ ಹೋಗಿ ನನ್ನ ಎದುರಿಗೆ ನಿಂತು, "ಹಿಡಿ. ನನ್ನ ತೆಗಿ" ಎಂದರು.

ಯಾವತ್ತೂ ಮುಂದೆ ಬಾರದವರು ಮುಂದೆ ಬಂದು ನಿಂತಿದ್ದರು. ನಾನು ಮೊದಲು ಹಗುರದ್ದರಲ್ಲಿ ತೆಗೆದೆ. ಆಮೇಲೆ ಭಾರದ್ದು. ಅದನ್ನು ಎತ್ತಿದಾಗ ಕೈಗೆ ಆ ತೂಕ ಪರಿಚಯದ್ದು ಅನ್ನಿಸಿತು. ಮೊಣಕೈ ತಾನಾಗಿ ಪಕ್ಕೆಗೆ ಒತ್ತಿಕೊಂಡಿತು. ಉಸಿರು ಹಿಡಿದೆ, ಒತ್ತಿದೆ. ಹುಡುಗ ಎರಡನ್ನೂ ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ತೋರಿಸತೊಡಗಿದ, ಇಲ್ಲಿ ನೋಡ್ರಿ ಕೂದಲ ಎಳಿ, ಇಲ್ಲಿ ನೋಡ್ರಿ ಸೀರಿ ಅಂಚು. ಅತ್ತೆ ಎಡಗಣ್ಣು ಮುಚ್ಚಿ ಒಂದೇ ಸಲ ನೋಡಿ, "ಅಲುಗಿಲ್ಲ. ಇದನ್ನ ಕಟ್ರಿ" ಎಂದು ಭಾರದ್ದನ್ನು ತೋರಿಸಿದರು.

ಹೊರಗೆ ಬಂದ ಮೇಲೆ ನಾನು ಬಸ್ ಸ್ಟ್ಯಾಂಡಿನವರೆಗೂ ಗೊಣಗಿದೆ. "ನಿಮಗ ಎತ್ತಾಕ ಬರೂದಿಲ್ಲ, ನನಗ ಎದಿ ಇಲ್ಲ. ಯಾರ ತೆಗೀಬೇಕ್ರಿ ಇದರಾಗ?" ಅವರು, "ನಿಮ್ಮ ಮಾವನ ಗಾಜು ಕೂಡ್ತೈತಲ್ಲ ಅದಕ್ಕ" ಎಂದಷ್ಟೇ ಹೇಳಿದರು. ನಾನು ನಂಬಿದೆ. ಗಂಡನ ನೆನಪಿಗೆ ಸೊಸೆಯ ಹೆಗಲು ಮುರಿಯಲು ಹೊರಟಿದ್ದಾರೆ ಎಂದು ಸಿಟ್ಟೂ ಬಂತು. ಬಸ್ಸಿನಲ್ಲಿ ಡಬ್ಬಿಯನ್ನು ಅವರು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಲಿಲ್ಲ. ನನ್ನ ತೊಡೆಯ ಮೇಲಿಟ್ಟು, ಯರಗಟ್ಟಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ಹೊಸ ಕ್ಯಾಮೆರಾದ ಮೊದಲ ಕುಬಸ ರಾಮದುರ್ಗದಲ್ಲೇ, ಹೊಳೆಯ ಕಡೆಯ ಓಣಿಯಲ್ಲಿ. ಪರಿಚಯದ ಮನೆ. ಆ ಮನೆಯ ಹಿರಿಯ ಮಗಳ ಕುಬಸದ ಫೋಟೋವನ್ನೂ ಅತ್ತೆಯೇ ತೆಗೆದಿದ್ದರು. ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊಸ್ತಿಲು ದಾಟಿದೆ. ಒಳಗೆ ಹೋಗಿ ತಿರುಗಿ ನೋಡಿದರೆ ಅತ್ತೆ ಇಲ್ಲ. ಹೊರಗೆ ಬಂದು ನೋಡಿದೆ. ಕಟ್ಟೆಯ ಮೇಲೆ, ಇನ್ನಿಬ್ಬರು ಗಂಡ ಸತ್ತ ಮುದುಕಿಯರ ಪಕ್ಕದಲ್ಲಿ, ಸೆರಗು ಹೊದ್ದು ಕುಳಿತಿದ್ದರು. ಅವರನ್ನು ಅಂಥ ಜಾಗದಲ್ಲಿ ನಾನು ಅವತ್ತಿನವರೆಗೆ ನೋಡಿರಲಿಲ್ಲ. "ಒಳಗ ಬರ್ರಿ ಅತ್ತಿ, ಈ ಚೀಲಾ ಹಿಡ್ಕೊಂಡ ಬರ್ರಿ" ಎಂದೆ. ಅವರು ನನ್ನ ಹತ್ತಿರ ಬಂದು, ಉಳಿದವರಿಗೆ ಕೇಳದಂತೆ ಹೇಳಿದರು. "ಕ್ಯಾಮೆರಾ ಕೈಯಾಗ ಇದ್ದಾಗ ನಾ ಫೋಟೋದಾಕಿ. ಚೀಲಾ ಹಿಡದ್ರ ಬರೇ ಗಂಡ ಸತ್ತಾಕಿ. ನೀ ಹೋಗು, ಬೆಳಕ ಹೊಂಟೈತಿ."

ಆಗ ತಿಳಿಯಿತು. ಹಗುರದ್ದನ್ನು ತಂದಿದ್ದರೆ ಆ ನಡುಗುವ ಕೈಯಲ್ಲೇ ಇನ್ನೂ ಐದಾರು ವರ್ಷವಾದರೂ ಅವರು ಆ ಹೊಸ್ತಿಲು ದಾಟುತ್ತಿದ್ದರು. ಬಸುರಿಯರ ಗದ್ದ ಹಿಡಿದು ಮುಖ ಎತ್ತುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಾವು ಎತ್ತಲಾರದ್ದನ್ನು ಕಟ್ಟಿಸಿದ್ದರು. ಅಷ್ಟು ತಿಳಿದೂ ನಾನು ಅದಕ್ಕೆ ಮಾವನ ಲೆನ್ಸೇ ಕಾರಣ ಎಂದುಕೊಂಡೆ. ಗಂಡನ ಮೇಲಿನ ಮೋಹಕ್ಕೆ ತಮ್ಮ ಕೆಲಸ ಬಿಟ್ಟುಕೊಟ್ಟರಲ್ಲ ಎಂದು ಮರುಗಿದೆ. ಮರುಗುವುದು ಸುಲಭ, ಮರುಗುತ್ತಲೇ ಒಳಗೆ ಹೋಗಿ ಫೋಟೋ ತೆಗೆದೆ.

ಆಮೇಲಿನ ಹನ್ನೆರಡು ವರ್ಷದ ಬಗ್ಗೆ ಬರೆಯಲು ಹೆಚ್ಚೇನಿಲ್ಲ, ಬರೀ ದಣಿವು. ಬೈಲಹೊಂಗಲ, ಸವದತ್ತಿ, ಕಿತ್ತೂರು, ಎಲ್ಲಿ ಕರೆದರೆ ಅಲ್ಲಿಗೆ ಆ ಭಾರ ಹೊತ್ತು ತಿರುಗಿದೆ. ನನ್ನ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗೆ ಜಗ್ಗಿದೆ, ದರ್ಜಿಯೇ ಹೇಳುತ್ತಾನೆ. ನನ್ನ ಎಡಗಣ್ಣಿನ ಸುತ್ತಲೂ ಈಗ ಸುಕ್ಕು ಬಂದಿದೆ. ಸಂಜೆ ಬಂದು ಕ್ಯಾಮೆರಾ ಕೆಳಗಿಟ್ಟು, ಇದನ್ನು ತಂದವರಿಗೆ ಬುದ್ಧಿ ಇರಲಿಲ್ಲ ಎಂದು ಅವರಿಗೆ ಕೇಳುವ ಹಾಗೆ ಎಷ್ಟು ಸಲ ಅಂದಿದ್ದೇನೋ. ಅವರು ಎಳ್ಳೆಣ್ಣೆ ಬಿಸಿಮಾಡಿ ತಂದು ಹೆಗಲಿಗೆ ತಿಕ್ಕುತ್ತಿದ್ದರು. ಆ ಸೊಟ್ಟ ಕೈಯಿಂದಲೇ. ಆಮೇಲೆ ಅವತ್ತಿನ ಫೋಟೋಗಳನ್ನು ಒಂದೊಂದಾಗಿ ತೋರಿಸಬೇಕು. "ಈಕೀ ಉಡಿಯಾಗ ಏನೇನ ಹಾಕಿದ್ರು? ಬಳಿ ಯಾರ ತೊಡಿಸಿದ್ರು? ಮಾರಿ ಮ್ಯಾಲ ಕಳಾ ಐತಿ ನೋಡು" ಎಂದು ಸಣ್ಣ ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದರು. ನನಗೋ ನಿದ್ದೆ. ಬೇಗಬೇಗ ಮುಂದಕ್ಕೆ ಒತ್ತಿಬಿಡುತ್ತಿದ್ದೆ. ಅವರಿಗೆ ಆ ನಡುಮನೆಗಳ ಒಳಗೆ ಹೋಗಲು ಉಳಿದಿದ್ದ ದಾರಿ ಅದೊಂದೇ ಎಂದು ಆಗ ಹೊಳೆಯಲಿಲ್ಲ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಹೆಚ್ಚು ಮಲಗಲಿಲ್ಲ, ನಾಲ್ಕು ದಿನ ಅನ್ನ ಬಿಟ್ಟರು, ಐದನೆಯ ದಿನ ಬೆಳಿಗ್ಗೆ ಹೋದರು. ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ವಿಭೂತಿ ಹಚ್ಚಿದರು. ಬೇರೆ ಫೋಟೋದವನನ್ನು ಕರೆಸುತ್ತೇನೆಂದು ನನ್ನ ಗಂಡ ಹೇಳಿದರು. ಬೇಡ ಎಂದೆ. ಮನೆಮಂದಿಯೆಲ್ಲ ಅವರ ಸುತ್ತ ಕುಳಿತರು. ನಾನು ಎದುರಿನ ಕಂಬಕ್ಕೆ ಬೆನ್ನು ಕೊಟ್ಟು ಕ್ಯಾಮೆರಾ ಎತ್ತಿದೆ. "ತೆಗೀತೇನ್ರಿ ಅತ್ತಿ" ಎಂದೆ. ಆ ಫೋಟೋದಲ್ಲಿ ಎಲ್ಲರೂ ಇದ್ದಾರೆ, ನಾನಿಲ್ಲ. ಮಾವನ ಕೊನೆಯ ಫೋಟೋದಲ್ಲಿ ಅತ್ತೆ ಇದ್ದರು, ಪಕ್ಕದಲ್ಲೇ, ತಲೆ ತಗ್ಗಿಸಿಕೊಂಡು. ಆಮೇಲೆ ಯಾವ ಫೋಟೋದಲ್ಲೂ ಅವರು ಇರಲಿಲ್ಲ.

ಅದು ಗೊತ್ತಾದದ್ದು ಮೂರನೆಯ ದಿನ. ಗೋಡೆಗೆ ಹಾಕಲು, ಪೂಜೆಗೆ ಇಡಲು ಒಂದು ಫೋಟೋ ಬೇಕಲ್ಲ. ಮುಚ್ಚಿದ ಕಣ್ಣಿನದು ಆಗುವುದಿಲ್ಲ. ಮನೆಯಲ್ಲಿ, ಅಂಗಡಿಯಲ್ಲಿ ಹುಡುಕಿದೆವು. ಮದುವೆಯದೊಂದು ಸಿಕ್ಕಿತು, ಅದರಲ್ಲಿ ಹದಿನೇಳರ ಹುಡುಗಿ, ಬಾಸಿಂಗದ ಕೆಳಗೆ ಮುಖವೇ ಕಾಣುವುದಿಲ್ಲ. ಮೊಬೈಲುಗಳಲ್ಲಿ ಹುಡುಕಿದರೆ ಎಲ್ಲ ಕಡೆ ಅವರ ಬೆನ್ನು, ಇಲ್ಲವೇ ಮುಖಕ್ಕೆ ಅಡ್ಡ ಹಿಡಿದ ಅಂಗೈ. ಇಡೀ ತಾಲೂಕಿನ ಮುಖಗಳನ್ನು ತೆಗೆದವರದು ಒಂದು ಫೋಟೋ ಇಲ್ಲ. ಉಳಿದದ್ದು ಆಧಾರ್ ಕಾರ್ಡಿನದು. ಅದನ್ನೇ ದೊಡ್ಡದು ಮಾಡಿಸೋಣ ಎಂದು ನನ್ನ ಗಂಡ ಹೇಳಿದರು. ಆ ಫೋಟೋ ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಇದನ್ನ ತೆಗದಾಂವ ಉಸರೇ ಹಿಡದಿಲ್ಲ" ಎಂದು ಕಾರ್ಡನ್ನು ಬೋರಲಾಗಿ ಇಡುತ್ತಿದ್ದರು. ನಾನು ಒಪ್ಪಲಿಲ್ಲ.

ಆಗ ನೆನಪಾಯಿತು, ಬೆಳಗಾವಿ. ಕ್ಯಾಮೆರಾದ ಜೊತೆ ಬಂದಿದ್ದ ಮೊದಲನೆಯ ಸಣ್ಣ ಮೆಮೊರಿ ಕಾರ್ಡು. ಹುಡುಗ ಅದನ್ನೇ ಒಳಗೆ ಹಾಕಿ ನನ್ನ ಕೈಗೆ ಕೊಟ್ಟಿದ್ದ. ದೊಡ್ಡ ಕಾರ್ಡು ಬಂದ ಮೇಲೆ ಅದನ್ನು ಮಾವನ ಟವೆಲ್ಲಿನ ಗಂಟಿನಲ್ಲಿ ಹಾಕಿಟ್ಟಿದ್ದೆ. ಅಂಗಡಿಗೆ ಓಡಿ, ಗಂಟು ಬಿಚ್ಚಿ, ಕಂಪ್ಯೂಟರಿಗೆ ಹಾಕಿದೆ. ಮೊದಲನೆಯ ಫೋಟೋ ತೆರೆಯಿತು.

ಅತ್ತೆ ಗಾಜಿನ ಮೇಜಿನ ಆಚೆ ನಿಂತಿದ್ದಾರೆ. ಬಿಳಿ ಹೂವಿನ ಕಂದು ಸೀರೆ, ತಲೆಯ ಮೇಲೆ ಸೆರಗು. ಎಡಗಣ್ಣು ಅರ್ಧ ಮುಚ್ಚಿದೆ. ಕಣ್ಣು ಲೆನ್ಸಿನ ಮೇಲಿಲ್ಲ. ಎಷ್ಟೋ ಜನರಿಗೆ "ಇಲ್ಲಿ ನೋಡ್ರಿ, ಗಾಜ ನೋಡ್ರಿ" ಎಂದು ಹೇಳಿದವರು ತಾವು ಗಾಜನ್ನು ನೋಡುತ್ತಿಲ್ಲ. ಅದರ ಪಕ್ಕದಲ್ಲಿ, ತುಸು ಕೆಳಗೆ, ನನ್ನ ಮಣಿಕಟ್ಟನ್ನು ನೋಡುತ್ತಿದ್ದಾರೆ. ಕ್ಯಾಮೆರಾಕ್ಕೆ ಹಾಕಿದ್ದ ಆ ಗಾಜು ಮಾವನ ಲೆನ್ಸೇ ಆಗಿದ್ದರೂ ಅದರ ಕಡೆ ಅವರ ಗಮನವಿಲ್ಲ. ಮತ್ತು ಅವರ ಎರಡೂ ಕೈ ಮೇಜಿನ ಮೇಲೆ ಮುಂದಕ್ಕೆ ಚಾಚಿವೆ, ಅಂಗೈ ಮೇಲಾಗಿ, ಸೊಟ್ಟ ಕೈಯೂ ಸೇರಿ. ನನ್ನ ಕೈ ಸೋತರೆ ಕ್ಯಾಮೆರಾವನ್ನು ಹಿಡಿಯಲು.

ಅಂಗಡಿಯಲ್ಲಿ ಒಬ್ಬಳೇ ಕುಳಿತು ಅತ್ತುಬಿಟ್ಟೆ. ಅವರು ಸತ್ತ ದಿನ ಬಾರದ ಅಳು ಅವತ್ತು ಬಂತು. ಸೇರಿನ ಜೋಳ ಬೆಳಗಾವಿಗೆ ಹೋಗುವ ಎರಡು ತಿಂಗಳ ಮೊದಲೇ ನನ್ನ ಕೈಗೆ ಬಂದಿತ್ತು. ಅಚ್ಚೇರು ಬೇಡ ಎಂದಾಗಲೇ ಅವರು ಯಾವ ಕ್ಯಾಮೆರಾ ಎಂದು ತೀರ್ಮಾನಿಸಿ ಆಗಿತ್ತು. ಮಾವನ ಲೆನ್ಸ್ ನನಗೆ ಹೇಳಿದ ನೆಪ. ನಿನಗಾಗಿ ಎಂದಿದ್ದರೆ ನಾನು ಬೇಡ ಎಂದು ಅಂಗಡಿಯಿಂದಲೇ ಓಡಿಬರುತ್ತಿದ್ದೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಹೆಗಲಿನ ಡಾಕ್ಟರು ಹಗುರದ ಕ್ಯಾಮೆರಾ ಕೊಳ್ಳಿ ಎನ್ನುತ್ತಿದ್ದಾರೆ. ಈಗಿನವು ಹಗುರವೂ ಹೌದು, ಕತ್ತಲೆಯಲ್ಲಿ ಇದಕ್ಕಿಂತ ಚೆನ್ನಾಗಿಯೂ ತೆಗೆಯುತ್ತವಂತೆ. ಮುಂದಿನ ವಾರ ಬೆಳಗಾವಿಗೆ ಹೋಗಿಬರಬೇಕು. ಮಾವನ ಲೆನ್ಸ್ ಅದಕ್ಕೆ ಕೂಡುವುದಿಲ್ಲ, ಪರವಾಗಿಲ್ಲ. ಇಷ್ಟು ವರ್ಷ ಹೊತ್ತದ್ದಾಯಿತು.

ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ಹಾಕಿದ್ದೇನೆ. ಚಾಚಿದ ಕೈಗಳನ್ನು ಕತ್ತರಿಸಿ ಮುಖವಷ್ಟನ್ನೇ ಇಡು ಎಂದು ನನ್ನ ಗಂಡ ಹೇಳಿದರು, ಪೂಜೆಯ ಫೋಟೋ ಹಾಗಿರುವುದಿಲ್ಲ ಎಂದು. ನಾನು ಕತ್ತರಿಸಲಿಲ್ಲ. ಬಂದವರು ನೋಡಿ, "ಫೋಟೋದಕ್ಕ ಎತ್ತಾಗೋ ನೋಡಾಕ ಹತ್ಯಾಳಲ್ಲ" ಎನ್ನುತ್ತಾರೆ. ಎತ್ತ ನೋಡುತ್ತಿದ್ದಾರೆಂದು ನಾನು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಡುವಾಗ ಆ ಫೋಟೋದ ಮುಂದೆ ಒಂದು ಕ್ಷಣ ನಿಲ್ಲುತ್ತೇನೆ. ಎಷ್ಟು ದಣಿದಿದ್ದರೂ ಆಗ ನನ್ನ ಕೈ ಅಲುಗುವುದಿಲ್ಲ.